ನಕ್ಷೆಯೊಳಗಿನ ಪ್ರಾಣಿಗಳು

ಕಲ್ಲಿಗೆ ಕಾಲಿಲ್ಲ ಎನ್ನುವವರು ನಮ್ಮ ಕಡೆಯ ಹೊಲಗಳನ್ನು ನೋಡಿಲ್ಲ. ಸಂಜೆ ಹುಣಸೇಮರದ ಬುಡದಲ್ಲಿದ್ದ ಬಾಂದುಕಲ್ಲು ಬೆಳಗಾಗುವಷ್ಟರಲ್ಲಿ ಪಕ್ಕದವನ ಹೊಲದೊಳಕ್ಕೆ ಎರಡು ಮಾರು ನಡೆದಿರುತ್ತದೆ. ಆಮೇಲೆ ಸರ್ವೆಯವರು ಬರುತ್ತಾರೆ, ಅಳೆಯುತ್ತಾರೆ, ಊಟ ಮಾಡಿ ಹೋಗುತ್ತಾರೆ. ಕೇಸು ಮೊಮ್ಮಕ್ಕಳ ಕಾಲಕ್ಕೆ ತೀರ್ಮಾನವಾಗುತ್ತದೆ. ಇಂಥ ಸೀಮೆಯಿಂದ ಹೋದವನಿಗೆ ಅಮೆರಿಕದ ರಾಜಕೀಯ ಅರ್ಥವಾಗುವುದಿಲ್ಲ ಎಂದು ನನ್ನ ತಂಗಿಯ ಮಗಳು ನಂಬಿದ್ದಳು. ಅರ್ಥವಾಗದೆ ಏನು? ಅಲ್ಲಿ ನಡೆಯುವುದೂ ಕಲ್ಲೇ. ನಮ್ಮಲ್ಲಿ ಕಲ್ಲು ಕಿತ್ತು ನೆಡುವವನು ಕತ್ತಲಾಗಲಿ ಎಂದು ಕಾಯುತ್ತಾನೆ. ಅಲ್ಲಿಯವರು ಹಾಡಹಗಲೇ ಶಾಸನಸಭೆಯಲ್ಲಿ ಮಸೂದೆ ಮಂಡಿಸಿ, ಬಹುಮತ ಪಡೆದು, ಗವರ್ನರ ಸಹಿ ಹಾಕಿಸಿ ನೆಡುತ್ತಾರೆ.

ಈ ತಂಗಿಯ ಮಗಳು ಇರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿ ಎಂಬ ಊರಿನಲ್ಲಿ. ರಾಜ್ಯದ ರಾಜಧಾನಿ ರಾಲಿಗೆ ಅಂಟಿಕೊಂಡಂತಿರುವ ಊರು. ಸಾಫ್ಟ್‌ವೇರು, ಔಷಧಿ ಕಂಪನಿಗಳ ಸೀಮೆಯಾದ್ದರಿಂದ ತರಕಾರಿ ಅಂಗಡಿಯಲ್ಲಿ ನುಗ್ಗೇಕಾಯಿಯ ಜೊತೆಗೆ ಕನ್ನಡವೂ ಸಿಗುತ್ತದೆ. ಅವಳು ಅಲ್ಲಿಯ ಪೌರತ್ವ ಪಡೆದು ಮತ ಹಾಕುವವಳು, ಅಪ್ಪಟ ಉದಾರವಾದಿ, ಡೆಮಾಕ್ರಟರ ಕಡೆಯವಳು. ಗರ್ಭಪಾತದ ಹಕ್ಕು, ಬಂದೂಕಿನ ಕಾನೂನು, ವಲಸಿಗರ ಬಂಧನ, ಶಾಲಾ ಗ್ರಂಥಾಲಯದಿಂದ ಪುಸ್ತಕ ತೆಗೆಸುವುದು, ಯಾವುದನ್ನು ಎತ್ತಿದರೂ ಅವಳ ಅಭಿಪ್ರಾಯ ತಯಾರಾಗಿರುತ್ತದೆ. ಟ್ರಂಪ್ ಹೆಸರು ಬಂದ ದಿನ ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆ. ಅವಳ ಗಂಡ ಯಾವ ಪಕ್ಷದವನೆಂದು ಕೇಳಿದರೆ ಅವನು "ನಮ್ಮದು ಗುಪ್ತ ಮತದಾನ, ಮಾವ" ಎಂದು ಪಾತ್ರೆ ತೊಳೆಯಲು ಎದ್ದುಹೋಗುತ್ತಾನೆ. ಬುದ್ಧಿವಂತ. ಆ ಮನೆಯಲ್ಲಿ ಪಾತ್ರೆಗಳು ಸದಾ ಫಳಫಳ ಹೊಳೆಯುತ್ತಿದ್ದುದಕ್ಕೆ ಅಮೆರಿಕದ ರಾಜಕೀಯವೇ ಕಾರಣವಿರಬೇಕು.

ಒಂದು ರಾತ್ರಿ ಊಟವಾದ ಮೇಲೆ ಅವಳು ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದಳು. ತೆರೆಯ ಮೇಲೆ ಒಂದು ನಕ್ಷೆ. "ಮಾವ, ಇದು ನೋಡಿದರೆ ಏನು ಕಾಣಿಸತ್ತೆ ಹೇಳಿ." ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹಾವೊಂದು ಅಲ್ಲಲ್ಲಿ ಕಪ್ಪೆ ನುಂಗುತ್ತಾ ಹರಿದ ಹಾಗಿತ್ತು. "ಯಾವ ನದಿಯಮ್ಮಾ ಇದು?" ಎಂದೆ. "ನದಿಯಲ್ಲ, ಲೋಕಸಭಾ ಕ್ಷೇತ್ರ. ನಮ್ಮ ರಾಜ್ಯದ ಹಿಂದಿನ 12ನೇ ಕ್ಷೇತ್ರ" ಎಂದಳು. ಅಲ್ಲಿಂದ ಶುರುವಾಯಿತು ನನ್ನ ನಕ್ಷೆಯ ಹುಚ್ಚು.

ಅವರ ಕೆಳಮನೆಯಾದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನಲ್ಲಿ 435 ಸ್ಥಾನಗಳಿವೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾಗಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನವೆಂದು ಲೆಕ್ಕ ಹಾಕುತ್ತಾರೆ. ಈಗಿನ ಲೆಕ್ಕದಲ್ಲಿ ಒಂದು ಕ್ಷೇತ್ರಕ್ಕೆ ಸರಾಸರಿ ಏಳೂವರೆ ಲಕ್ಷಕ್ಕೂ ಮೇಲ್ಪಟ್ಟು ಜನ. ಇಲ್ಲಿಯವರೆಗೆ ತಕರಾರಿಲ್ಲ. ತಕರಾರು ಇರುವುದು ರಾಜ್ಯದೊಳಗೆ ಕ್ಷೇತ್ರದ ಗಡಿಗಳನ್ನು ಗುರುತಿಸುವುದರಲ್ಲಿ. ಬಹುಪಾಲು ರಾಜ್ಯಗಳಲ್ಲಿ ಅದನ್ನು ಮಾಡುವುದು ಅಲ್ಲಿಯ ಶಾಸನಸಭೆ, ಅಂದರೆ ಅಲ್ಲಿ ಬಹುಮತ ಇರುವ ಪಕ್ಷ. ಎದುರಾಳಿಯ ಮತದಾರರನ್ನು ಒಂದೇ ಕ್ಷೇತ್ರಕ್ಕೆ ತುಂಬಿ, ಅಲ್ಲಿ ಅವನು ಶೇ 80 ಮತದಿಂದ ಗೆದ್ದು ಖುಷಿಪಡಲಿ ಎಂದು ಬಿಟ್ಟು, ಉಳಿದ ಕ್ಷೇತ್ರಗಳನ್ನೆಲ್ಲ ಬಾಚಿಕೊಳ್ಳುವುದು ಒಂದು ಉಪಾಯ. ಅವನ ಮತದಾರರನ್ನು ನಾಲ್ಕು ಕ್ಷೇತ್ರಗಳಿಗೆ ಹಂಚಿ ಎಲ್ಲ ಕಡೆಯೂ ಅಲ್ಪಸಂಖ್ಯಾತರನ್ನಾಗಿ ಮಾಡುವುದು ಇನ್ನೊಂದು. ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ಕಪ್ಪುಜನರ ವಿದ್ಯಾಭ್ಯಾಸಕ್ಕೆಂದೇ ಹುಟ್ಟಿ ಬೆಳೆದ ದೊಡ್ಡ ವಿಶ್ವವಿದ್ಯಾಲಯವೊಂದಿದೆ, ನಾರ್ತ್ ಕ್ಯಾರೊಲೈನಾ ಎ ಅಂಡ್ ಟಿ. 2016ರ ನಕ್ಷೆಯ ಗಡಿ ಅದರ ಕ್ಯಾಂಪಸ್ಸಿನ ನಟ್ಟನಡುವೆ ಹಾದುಹೋಯಿತು. ಹಾಸ್ಟೆಲು ಒಂದು ಕ್ಷೇತ್ರ, ರಸ್ತೆ ದಾಟಿ ಕ್ಲಾಸಿಗೆ ಹೋದರೆ ಇನ್ನೊಂದು. ಹುಡುಗರ ಮತ ಎರಡೂ ಕಡೆ ರಿಪಬ್ಲಿಕನ್ ಕ್ಷೇತ್ರಗಳಲ್ಲಿ ಕರಗಿಹೋಗುತ್ತಿತ್ತು.

ಇದೆಲ್ಲ ಟ್ರಂಪ್ ಕಾಲದ ಕಲಿಗಾಲ ಎಂದುಕೊಳ್ಳಬೇಡಿ. ಈ ವಿದ್ಯೆಗೆ ಇನ್ನೂರು ವರ್ಷ ದಾಟಿದೆ. ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್ಬ್ರಿಜ್ ಗೆರಿ 1812ರ ಫೆಬ್ರುವರಿಯಲ್ಲಿ ರಾಜ್ಯದ ಸೆನೆಟ್ ಕ್ಷೇತ್ರಗಳನ್ನು ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಬದಲಿಸುವ ಮಸೂದೆಗೆ ಸಹಿ ಹಾಕಿದರು. ಎಸೆಕ್ಸ್ ಕೌಂಟಿಯನ್ನು ಸುತ್ತುವರಿದ ಒಂದು ಕ್ಷೇತ್ರ ಎಷ್ಟು ಸೊಟ್ಟಗಿತ್ತೆಂದರೆ, ಮಾರ್ಚಿನಲ್ಲಿ ಬಾಸ್ಟನ್ ಗೆಜೆಟ್ ಪತ್ರಿಕೆ ಅದಕ್ಕೆ ರೆಕ್ಕೆ, ಉಗುರು, ಕೋರೆಹಲ್ಲು ಬಿಡಿಸಿ ಪ್ರಕಟಿಸಿತು. ಹಲ್ಲಿಯ ಹಾಗೆ ಕಾಣುವ ಸಲಮಾಂಡರ್ ಎಂಬ ಜೀವಿಗೂ ಗವರ್ನರ ಹೆಸರಿಗೂ ಗಂಟು ಹಾಕಿ "ಜೆರಿಮ್ಯಾಂಡರ್" ಎಂದು ಕರೆಯಿತು. ಆ ಸಲದ ಚುನಾವಣೆಯಲ್ಲಿ ಹೆಚ್ಚು ಮತ ಬಂದದ್ದು ಫೆಡರಲಿಸ್ಟರಿಗೆ, ಸಿಕ್ಕಿದ ಸೀಟು 11. ಕಡಿಮೆ ಮತ ಪಡೆದ ಗೆರಿಯವರ ಪಕ್ಷಕ್ಕೆ 29.

ಗೆರಿ ಸಾಮಾನ್ಯ ಮನುಷ್ಯರಲ್ಲ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. 1787ರಲ್ಲಿ ಸಂವಿಧಾನಕ್ಕೆ ಸಹಿ ಹಾಕಿ ಎಂದರೆ, ಹಕ್ಕುಗಳ ರಕ್ಷಣೆ ಇದರಲ್ಲಿ ಸಾಲದು ಎಂದು ತಕರಾರೆತ್ತಿ ನಿರಾಕರಿಸಿದವರು. ಕೊನೆಗೆ ದೇಶದ ಉಪಾಧ್ಯಕ್ಷರೂ ಆಗಿ, ಅಧಿಕಾರದಲ್ಲಿದ್ದಾಗಲೇ 1814ರಲ್ಲಿ ತೀರಿಕೊಂಡರು. ಆ ಮಸೂದೆ ಅವರಿಗೆ ಅಷ್ಟೇನೂ ಇಷ್ಟವಿರಲಿಲ್ಲವೆಂದೂ ಹೇಳುತ್ತಾರೆ. ಇಷ್ಟೆಲ್ಲ ಇದ್ದರೂ ಲೋಕ ಅವರನ್ನು ನೆನೆಯುವುದು ಹಲ್ಲಿಯ ನೆಪದಲ್ಲಿ. ಸಹಿ ಹಾಕುವ ಅಧಿಕಾರಿಗಳೂ ಮಂತ್ರಿಗಳೂ ಒಂದು ಕ್ಷಣ ನಿಂತು ಯೋಚಿಸಬೇಕಾದ ವಿಷಯವಿದು. ಜೀವಮಾನದಲ್ಲಿ ಸಾವಿರ ಕಡತ ನೋಡಿರುತ್ತೀರಿ. ನಿಮ್ಮ ಹೆಸರನ್ನು ಯಾವ ಕಡತ ಹೊತ್ತು ಮೆರೆಸುತ್ತದೋ ನಿಮಗೇ ಗೊತ್ತಿರುವುದಿಲ್ಲ.

ಗೆರಿಯವರ ಹಲ್ಲಿ ವಂಶೋದ್ಧಾರಕವಾಯಿತು. ಪೆನ್ಸಿಲ್ವೇನಿಯಾದ 7ನೇ ಕ್ಷೇತ್ರಕ್ಕೆ ಜನ ಇಟ್ಟ ಹೆಸರು "ಡೊನಾಲ್ಡ್ ಡಕ್‌ಗೆ ಒದೆಯುತ್ತಿರುವ ಗೂಫಿ". ನಕ್ಷೆ ನೋಡಿದರೆ ಕಾರ್ಟೂನಿನ ಆ ನಾಯಿಯ ಮೂತಿ, ಕಾಲು, ಬಾತುಕೋಳಿ ಎಲ್ಲವೂ ಸ್ಪಷ್ಟ. ಒಂದು ಕಡೆಯಂತೂ ಕ್ಷೇತ್ರದ ಎರಡು ಭಾಗಗಳನ್ನು ಹಿಡಿದಿಟ್ಟಿದ್ದು ಒಂದು ಹೋಟೆಲಿನ ಅಗಲದ ಜಾಗ. ಆ ಹೋಟೆಲಿನಲ್ಲಿ ಮೀನೂಟ ಮಾಡುತ್ತಾ ಕೂತವರಿಗೆ ತಾವು ಪ್ರಜಾಪ್ರಭುತ್ವದ ಸೇತುವೆಯ ಮೇಲೆ ಕೂತಿದ್ದೇವೆಂದು ಗೊತ್ತಿತ್ತೋ ಇಲ್ಲವೋ. 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಗೂಫಿಯನ್ನೂ ಡೊನಾಲ್ಡನನ್ನೂ ಬಿಡಿಸಿ ಮನೆಗೆ ಕಳಿಸಿತು. ಇಲಿನಾಯ್‌ನಲ್ಲಿ "ಕಿವಿಮುಚ್ಚುಗ" ಕ್ಷೇತ್ರವಿತ್ತು. ಮೇರಿಲ್ಯಾಂಡಿನ 3ನೇ ಕ್ಷೇತ್ರವನ್ನು ನೋಡಿದ ನ್ಯಾಯಾಧೀಶರೊಬ್ಬರಿಗೆ ರೆಕ್ಕೆ ಮುರಿದುಕೊಂಡು ರಾಜ್ಯದ ಮೇಲೆ ಬೋರಲು ಬಿದ್ದ ಟೆರೊಡ್ಯಾಕ್ಟೈಲ್ ಕಾಣಿಸಿತು. ಕೋಟ್ಯಂತರ ವರ್ಷದ ಹಿಂದೆ ಅಳಿದ ಹಾರುವ ಸರೀಸೃಪವದು. ತೀರ್ಪು ಬರೆಯುವಾಗಲೂ ಕಲ್ಪನಾಶಕ್ತಿ ಬತ್ತದವರು ಅವರು.

ಮೇರಿಲ್ಯಾಂಡಿನ ಈ ಪ್ರಾಣಿಯನ್ನು ಸಾಕಿದವರು ಯಾರು ಎಂದು ತಂಗಿಯ ಮಗಳನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವರೇ" ಎಂದಳು. ಅಡಿಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿಸಿತು.

ಆದರೆ ಸೊಟ್ಟಗಿರುವುದೆಲ್ಲ ಮೋಸ, ನೆಟ್ಟಗಿರುವುದೆಲ್ಲ ನ್ಯಾಯ ಎಂದು ತೀರ್ಮಾನಿಸುವ ಹಾಗಿಲ್ಲ. ನಾನು ಕಂಡ ಆ ಹಾವಿನ ಕಥೆಯನ್ನೇ ತೆಗೆದುಕೊಳ್ಳಿ. 1992ರಲ್ಲಿ ಹುಟ್ಟಿದ ಆ ಕ್ಷೇತ್ರ 85ನೇ ನಂಬರಿನ ಹೆದ್ದಾರಿಯುದ್ದಕ್ಕೂ ಸುಮಾರು 160 ಮೈಲಿ ಹರಿದಿತ್ತು. ಕೆಲವು ಕಡೆ ಹೆದ್ದಾರಿಗಿಂತ ಅಗಲವೇ ಇರಲಿಲ್ಲ. ಕಾರಿನ ಎರಡೂ ಬಾಗಿಲು ತೆರೆದುಕೊಂಡು ಆ ರಸ್ತೆಯಲ್ಲಿ ಹೋದರೆ ಕ್ಷೇತ್ರದ ಮುಕ್ಕಾಲುಪಾಲು ಜನ ಸಾಯುತ್ತಾರೆ ಎಂದು ಅಲ್ಲಿಯ ಶಾಸಕರೊಬ್ಬರು ಚಟಾಕಿ ಹಾರಿಸಿದ್ದು ಸುಪ್ರೀಂ ಕೋರ್ಟಿನ ತೀರ್ಪಿನವರೆಗೂ ಹೋಯಿತು. ಆದರೆ ಅದನ್ನು ಹಾಗೆ ಮಾಡಿದ್ದಕ್ಕೆ ಕಾರಣವಿತ್ತು. ಕಪ್ಪುಜನರ ಸಂಖ್ಯೆ ಅಷ್ಟೊಂದಿದ್ದರೂ ನಾರ್ತ್ ಕ್ಯಾರೊಲೈನಾ 1901ರ ನಂತರ ಒಬ್ಬ ಕಪ್ಪು ಪ್ರತಿನಿಧಿಯನ್ನೂ ವಾಷಿಂಗ್ಟನ್ನಿಗೆ ಕಳಿಸಿರಲಿಲ್ಲ. 1965ರ ಮತಹಕ್ಕು ಕಾಯ್ದೆಯ ಬಲದಿಂದ ಎರಡು ಕ್ಷೇತ್ರಗಳನ್ನು ಹೀಗೆ ರೂಪಿಸಿದ ಮೇಲೆಯೇ, 1992ರಲ್ಲಿ, ಇಬ್ಬರು ಆಯ್ಕೆಯಾದರು. ತೊಂಬತ್ತು ವರ್ಷ ಗಡಿಗಳು ಇದಕ್ಕಿಂತ ಅಂದವಾಗಿದ್ದವು, ಅನ್ಯಾಯವೂ ಅಷ್ಟೇ ಅಂದವಾಗಿ ನಡೆದಿತ್ತು. ಜನಾಂಗದ ಲೆಕ್ಕದಲ್ಲಿ ಹೀಗೆ ಮಾಡುವುದನ್ನು 1993ರಲ್ಲಿ ಕೋರ್ಟು ಪ್ರಶ್ನಿಸಿತು. ಆ ವ್ಯಾಜ್ಯ ಬೇರೆ ಬೇರೆ ಹೆಸರಿನಲ್ಲಿ ಈಗಲೂ ಮುಗಿದಿಲ್ಲ.

ಮ್ಯಾಸಚೂಸೆಟ್ಸ್‌ನದು ಇದಕ್ಕೆ ತಿರುಗುಮುರುಗು. ಅಲ್ಲಿ 9 ಸ್ಥಾನ, ಒಂಬತ್ತೂ ಡೆಮಾಕ್ರಟರದು. 2024ರಲ್ಲಿ ಅಲ್ಲಿ ಟ್ರಂಪ್‌ಗೆ ಶೇ 36ರಷ್ಟು ಮತ ಬಂದಿತ್ತು. ಹಾಗಾದರೆ ಮೂರಾದರೂ ರಿಪಬ್ಲಿಕನ್ನರಿಗೆ ಸಿಗಬೇಡವೇ ಎಂದು ಯಾರಿಗಾದರೂ ಅನ್ನಿಸುತ್ತದೆ, ಆ ಪಕ್ಷದವರು ಅದನ್ನೇ ಕೇಳುತ್ತಾರೆ. ಮೂನ್ ಡಚಿನ್ ಎಂಬ ಗಣಿತಜ್ಞೆ ಮತ್ತವರ ಜೊತೆಗಾರರು ಲೆಕ್ಕ ಹಾಕಿ ನೋಡಿದರು. ರಿಪಬ್ಲಿಕನ್ನರು ಆ ರಾಜ್ಯದ ತುಂಬ ಎಷ್ಟು ಸಮವಾಗಿ ಹರಡಿಕೊಂಡಿದ್ದಾರೆಂದರೆ, ಅವರು ಪರಿಶೀಲಿಸಿದ ಕೆಲವು ಚುನಾವಣೆಗಳ ಅಂಕಿಗಳ ಪ್ರಕಾರ, ಪೆನ್ಸಿಲನ್ನು ರಿಪಬ್ಲಿಕನ್ನರ ಕೈಗೇ ಕೊಟ್ಟರೂ ಒಂದು ರಿಪಬ್ಲಿಕನ್ ಕ್ಷೇತ್ರವೂ ಹುಟ್ಟುವುದಿಲ್ಲ! ಯಾರೂ ಮೋಸ ಮಾಡದೆಯೂ ಮೂರನೇ ಒಂದು ಭಾಗದಷ್ಟು ಜನ ಬರಿಗೈಯಲ್ಲಿ ಉಳಿಯಬಹುದು. ಗೆರಿಯವರ ರಾಜ್ಯವೇ ಈ ಪಾಠ ಹೇಳಿಕೊಡಬೇಕಾಗಿತ್ತು.

ಮೋಸ ಮಾಡುವವರಾದರೂ ಸ್ವಲ್ಪ ಸಂಕೋಚ ಇಟ್ಟುಕೊಳ್ಳುತ್ತಾರೆ ಎಂದು ನಾನು ತಿಳಿದಿದ್ದೆ. ನಾರ್ತ್ ಕ್ಯಾರೊಲೈನಾದ ಶಾಸಕ ಡೇವಿಡ್ ಲೂಯಿಸ್ 2016ರಲ್ಲಿ ಸಭೆಯಲ್ಲಿ ಎದ್ದುನಿಂತು, ಹತ್ತು ಸೀಟು ರಿಪಬ್ಲಿಕನ್ನರಿಗೆ, ಮೂರು ಡೆಮಾಕ್ರಟರಿಗೆ ಬರುವಂತೆ ನಕ್ಷೆ ಮಾಡೋಣ, ಏಕೆಂದರೆ ಹನ್ನೊಂದು-ಎರಡು ಮಾಡಲು ಸಾಧ್ಯವಾಗುವಂತೆ ನನಗೆ ಕಾಣುವುದಿಲ್ಲ ಎಂದು ದಾಖಲೆಯಲ್ಲೇ ಹೇಳಿದರು. ಆ ವರ್ಷ ಅವರ ಪಕ್ಷಕ್ಕೆ ಶೇ 53ರಷ್ಟು ಮತ ಬಂತು. ಸೀಟು, ಹೇಳಿದ ಹಾಗೆ, 13ರಲ್ಲಿ 10. ನಮ್ಮ ರಾಜಕಾರಣಿಗಳು ಪ್ರಣಾಳಿಕೆಯಲ್ಲಿ ಹೇಳಿದ್ದನ್ನು ಇಷ್ಟು ಕರಾರುವಾಕ್ಕಾಗಿ ಎಂದಾದರೂ ನಡೆಸಿಕೊಟ್ಟಿದ್ದಾರೆಯೇ?

ಈ ಕಸುಬಿನ ದೊಡ್ಡ ಉಸ್ತಾದ್ ಥಾಮಸ್ ಹಾಫೆಲರ್. ರಿಪಬ್ಲಿಕನ್ ಪಕ್ಷಕ್ಕೆ ದಶಕಗಳ ಕಾಲ ನಕ್ಷೆ ಮಾಡಿಕೊಟ್ಟವರು. ಚುನಾವಣೆಯಲ್ಲಿ ಜನ ರಾಜಕಾರಣಿಯನ್ನು ಆರಿಸುತ್ತಾರೆ, ನಕ್ಷೆ ಮಾಡುವಾಗ ರಾಜಕಾರಣಿ ಜನರನ್ನು ಆರಿಸುತ್ತಾನೆ ಎಂದು ನಗುತ್ತಾ ಹೇಳುತ್ತಿದ್ದವರು. ಶಿಷ್ಯರಿಗೆ ಅವರ ಮುಖ್ಯ ಉಪದೇಶವೆಂದರೆ, ಏನನ್ನೂ ಬರವಣಿಗೆಯಲ್ಲಿ ಬಿಡಬೇಡಿ, ಇಮೇಲ್ ಎನ್ನುವುದು ಸೈತಾನನ ಹತ್ಯಾರು. ಉಪದೇಶ ಊರವರಿಗೆ. ತಮ್ಮ ಕೆಲಸವನ್ನೆಲ್ಲ ಅವರು ಹಾರ್ಡ್‌ಡಿಸ್ಕು, ಪೆನ್‌ಡ್ರೈವುಗಳಲ್ಲಿ ಜೋಪಾನವಾಗಿ ಕೂಡಿಟ್ಟಿದ್ದರು. 2018ರಲ್ಲಿ ಅವರು ತೀರಿಕೊಂಡರು. ಅವರೊಂದಿಗೆ ಅಷ್ಟಕ್ಕಷ್ಟೇ ಇದ್ದ ಮಗಳ ಕೈಗೆ ಆ ಕಟ್ಟು ಸಿಕ್ಕಿತು. ಆಕೆ ಅದನ್ನು ಕಾಮನ್ ಕಾಸ್ ಎಂಬ ಸಂಸ್ಥೆಯ ವಕೀಲರಿಗೆ ಒಪ್ಪಿಸಿಬಿಟ್ಟಳು! ಅದೇ ಸಾಕ್ಷ್ಯವಾಗಿ 2019ರ ಸೆಪ್ಟೆಂಬರಿನಲ್ಲಿ ರಾಜ್ಯದ ಕೋರ್ಟು ಶಾಸನಸಭೆಯ ನಕ್ಷೆಗಳನ್ನು ರದ್ದು ಮಾಡಿತು. ಇಡೀ ರಾಜ್ಯದ ಮತದಾರರ ಮನಸ್ಸು ಓದಬಲ್ಲವರಿಗೆ ಮನೆಯ ಒಂದು ಮತ ಯಾರ ಕಡೆಗೆಂದು ತಿಳಿಯಲಿಲ್ಲ.

ಅದೇ 2019ರ ಜೂನ್ 27ರಂದು ದೇಶದ ಸುಪ್ರೀಂ ಕೋರ್ಟು ಕೈತೊಳೆದುಕೊಂಡಿತು. ನಾರ್ತ್ ಕ್ಯಾರೊಲೈನಾದ ರಿಪಬ್ಲಿಕನ್ ನಕ್ಷೆ, ಮೇರಿಲ್ಯಾಂಡಿನ ಡೆಮಾಕ್ರಟ್ ನಕ್ಷೆ ಎರಡೂ ಒಟ್ಟಿಗೆ ಮುಂದೆ ಬಂದಿದ್ದವು. ಇದು ಪ್ರಜಾಪ್ರಭುತ್ವಕ್ಕೆ ಒಪ್ಪುವ ಮಾತಲ್ಲ ನಿಜ, ಆದರೆ ಎಷ್ಟು ಪಕ್ಷಪಾತ ಅತಿಯಾಯಿತು ಎಂದು ಅಳೆಯುವ ಅಳತೆಗೋಲು ಫೆಡರಲ್ ಕೋರ್ಟುಗಳ ಬಳಿ ಇಲ್ಲ, ರಾಜ್ಯಗಳು ನೋಡಿಕೊಳ್ಳಲಿ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಐದು ಜನ ಆ ಕಡೆ, ನಾಲ್ವರು ಈ ಕಡೆ. ಭಿನ್ನಮತದ ಎಲೆನಾ ಕೇಗನ್ ತಮ್ಮ ಅಭಿಪ್ರಾಯವನ್ನು ಪೀಠದಿಂದಲೇ ಓದಿದರು. ಬೇಲಿಯವನೇ ಹೊಲದವನೂ ಆಗಿರುವಾಗ "ಊರಿನವರು ಮಾತಾಡಿಕೊಳ್ಳಿ" ಎಂದು ಸರ್ವೆಯವರು ಎದ್ದುಹೋದರೆ ಮುಂದೇನಾಗುತ್ತದೆ ಎಂದು ನಮ್ಮ ಕಡೆಯ ಯಾವ ರೈತನಾದರೂ ಹೇಳಿಯಾನು.

ಆದದ್ದೂ ಅದೇ. ಜನಗಣತಿಯಾದ ಮೇಲೆ ಹತ್ತು ವರ್ಷ ಕಾಯಬೇಕೆಂಬ ರೂಢಿಯನ್ನೂ 2025ರಲ್ಲಿ ಮುರಿದರು. ಟೆಕ್ಸಸ್ಸಿನ 38 ಸ್ಥಾನಗಳಲ್ಲಿ 25 ಆಗಲೇ ರಿಪಬ್ಲಿಕನ್ನರ ಬಳಿ ಇದ್ದವು. ಇನ್ನೂ ಐದು ಬೇಕೆಂದು ಅಧ್ಯಕ್ಷ ಟ್ರಂಪ್ ಕೇಳಿದರು. ಮುಂದಿನ ಚುನಾವಣೆಯಲ್ಲಿ ಸದನದ ಬಹುಮತ ಜಾರಿಹೋದೀತೆಂಬ ಅಳುಕು. ಟೆಕ್ಸಸ್ ಕೆಳಮನೆಯ 150 ಜನರಲ್ಲಿ ಮೂರರಲ್ಲಿ ಎರಡು ಪಾಲು ಹಾಜರಿರದಿದ್ದರೆ ಕೋರಂ ಇಲ್ಲ. ಆಗಸ್ಟ್ 3ರಂದು ಐವತ್ತಕ್ಕೂ ಹೆಚ್ಚು ಡೆಮಾಕ್ರಟ್ ಶಾಸಕರು ವಿಮಾನ ಹತ್ತಿ ರಾಜ್ಯ ಬಿಟ್ಟರು; ಹೆಚ್ಚಿನವರು ಇಲಿನಾಯ್‌ಗೆ. ಗವರ್ನರ್ ಗ್ರೆಗ್ ಅಬಟ್ ಹಿಡಿದು ತನ್ನಿ ಎಂದು ಪೊಲೀಸರನ್ನು ಅಟ್ಟಿದರು. ದಿನಕ್ಕೆ 500 ಡಾಲರ್ ದಂಡ.

ಕನ್ನಡ ನಾಡಿನಲ್ಲಿ ಬೆಳೆದವನಿಗೆ ಈ ಸುದ್ದಿ ಕೇಳಿ ರೋಮಾಂಚನವಾಗದಿದ್ದೀತೇ? "ರೆಸಾರ್ಟು ಯಾವುದಮ್ಮಾ?" ಎಂದು ತಕ್ಷಣ ಕೇಳಿದೆ. ಅವಳಿಗೆ ಸಿಟ್ಟು ಬಂತು. "ಅಯ್ಯೋ ಮಾವ, ಇವರು ಮಾರಾಟ ಆಗೋದಕ್ಕೆ ಹೋಗಿಲ್ಲ. ಮತ ಹಾಕೋದನ್ನು ತಪ್ಪಿಸೋದಕ್ಕೆ ಹೋಗಿದಾರೆ." ನಿಜವೇ. ನಮ್ಮಲ್ಲಿ ಶಾಸಕರನ್ನು ಬಸ್ಸಿನಲ್ಲಿ ಕೂರಿಸಿ ಬಿಡದಿಗೋ ಮುಂಬೈಗೋ ಕರೆದೊಯ್ಯುವುದು ಯಾರೂ ಓಡಿಹೋಗದಿರಲಿ ಎಂದು. ಅಲ್ಲಿ ಎಲ್ಲರೂ ತಾವಾಗಿಯೇ ಓಡಿಹೋಗಿ ಒಟ್ಟಿಗೆ ಇರುತ್ತಾರೆ. 2003ರಲ್ಲೂ ಇದೇ ಟೆಕ್ಸಸ್ಸಿನವರು ಇದೇ ನಕ್ಷೆಯ ಜಗಳಕ್ಕೆ ಪಕ್ಕದ ಓಕ್ಲಹೋಮಾದ ಆರ್ಡ್‌ಮೋರ್ ಎಂಬ ಊರಿನ ಲಾಡ್ಜಿಗೆ ಹೋಗಿ ಕೂತಿದ್ದರು. ಇದಕ್ಕೆಲ್ಲ ಆದಿಗುರು ಅಬ್ರಹಾಂ ಲಿಂಕನ್. 1840ರಲ್ಲಿ ಇಲಿನಾಯ್ ಶಾಸಕರಾಗಿದ್ದಾಗ ಕೋರಂ ಮುರಿಯಲು ಅವರು ಸಭಾಭವನದ ಕಿಟಕಿಯಿಂದ ಹಾರಿದರು. ಅಷ್ಟರಲ್ಲಿ ಹಾಜರಿ ಹಾಕಿ ಆಗಿತ್ತು. ಹಾರಿದ್ದು ದಂಡವಾಯಿತು. ಮುಂದೆ ದೇಶವನ್ನೇ ಒಂದಾಗಿ ಹಿಡಿದಿಟ್ಟ ಮಹಾನುಭಾವರ ಉದ್ದನೆಯ ಕಾಲು ಕಿಟಕಿಯಲ್ಲಿ ತೊನೆದಾಡಿದ್ದನ್ನು ನೆನೆದರೆ ಅವರ ಮೇಲೆ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಟೆಕ್ಸಸ್ಸಿನವರು ಎರಡು ವಾರದ ನಂತರ ಮರಳಿದರು. ಸದನದಿಂದ ಹೊರಗೆ ಹೋಗಬೇಕಾದರೆ ಚೀಟಿಗೆ ಸಹಿ ಹಾಕಿ ಪೊಲೀಸ್ ಕಾವಲಿನಲ್ಲೇ ಹೋಗಬೇಕೆಂದು ಸ್ಪೀಕರು ಅಪ್ಪಣೆ ಮಾಡಿದರು. ಫೋರ್ಟ್‌ವರ್ತ್‌ನ ನಿಕೋಲ್ ಕಾಲಿಯರ್ ಎಂಬಾಕೆ ಸಹಿ ಹಾಕಲಿಲ್ಲ. ಸದನದಲ್ಲಿ ತನ್ನ ಕುರ್ಚಿಯಲ್ಲೇ, ದಿಂಬು, ಹೊದಿಕೆ ತರಿಸಿಕೊಂಡು ರಾತ್ರಿ ಕಳೆದಳು. ಕೊನೆಗೆ ನಕ್ಷೆ ಪಾಸಾಯಿತು. ನವೆಂಬರಿನಲ್ಲಿ ಫೆಡರಲ್ ಕೋರ್ಟೊಂದು ತಡೆದದ್ದನ್ನು ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೆರವು ಮಾಡಿತು. ಟೆಕ್ಸಸ್ಸಿನ ದಾರಿಯನ್ನು ಮಿಸೌರಿ ಹಿಡಿಯಿತು, ನನ್ನ ತಂಗಿಯ ಮಗಳ ನಾರ್ತ್ ಕ್ಯಾರೊಲೈನಾವೂ ಹಿಡಿಯಿತು. ಲೂಯಿಸ್ ಅವರಿಗೆ ಅಸಾಧ್ಯವೆನಿಸಿದ್ದ ಆ ಹನ್ನೊಂದನೇ ಸೀಟಿಗಾಗಿ 2025ರ ಅಕ್ಟೋಬರಿನಲ್ಲಿ ಹೊಸ ನಕ್ಷೆ ಬಂತು. ಈಗ ಅಲ್ಲಿ 14 ಸ್ಥಾನಗಳು, ಹನ್ನೊಂದು-ಮೂರರ ಗುರಿ.

ಉದಾರವಾದಿಗಳಿಗೆ ನಿಜವಾದ ಸಂಕಟ ಶುರುವಾದದ್ದು ಆಮೇಲೆ. ವರ್ಷಾನುಗಟ್ಟಲೆ "ನಕ್ಷೆಯನ್ನು ರಾಜಕಾರಣಿಗಳ ಕೈಯಿಂದ ಕಿತ್ತುಕೊಳ್ಳಿ" ಎಂದು ಹೋರಾಡಿದವರು ಅವರೇ. ಕ್ಯಾಲಿಫೋರ್ನಿಯಾದ ಜನ 2008ರಲ್ಲೂ 2010ರಲ್ಲೂ ಮತ ಹಾಕಿ ಅದನ್ನು ನಾಗರಿಕರ ಆಯೋಗಕ್ಕೆ ವಹಿಸಿದ್ದರು. ಟೆಕ್ಸಸ್ಸಿನಲ್ಲಿ ಐದು ಹೋಗುವುದಾದರೆ ನಮ್ಮಲ್ಲಿ ಐದು ಬರಲಿ ಎಂದು ಗವರ್ನರ್ ಗ್ಯಾವಿನ್ ನ್ಯೂಸಮ್, ಆಯೋಗದ ನಕ್ಷೆಯನ್ನು 2030ರವರೆಗೆ ಪಕ್ಕಕ್ಕಿಟ್ಟು ಡೆಮಾಕ್ರಟರಿಗೆ ಅನುಕೂಲವಾದ ನಕ್ಷೆ ತರಲು ಜನಮತಕ್ಕೆ ಹೋದರು. 2025ರ ನವೆಂಬರ್ 4ರಂದು ಶೇ 64ರಷ್ಟು ಜನ ಹೂಂ ಎಂದರು. ಬೇಡವೆಂದು ಊರೆಲ್ಲ ಸಾರಿದವರು ಹಿಂದಿನ ರಿಪಬ್ಲಿಕನ್ ಗವರ್ನರ್, ಸಿನಿಮಾದ ಟರ್ಮಿನೇಟರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್. ಟೆಕ್ಸಸ್ಸಿನವರಿಗೆ ಆಶ್ರಯ ಕೊಟ್ಟ ಇಲಿನಾಯ್‌ನ ನಕ್ಷೆಯೂ ಕಡಿಮೆಯದಲ್ಲ. ಅಲ್ಲಿ 17ರಲ್ಲಿ 14 ಡೆಮಾಕ್ರಟರದು. ಟಿವಿಯ ರಾತ್ರಿ ಹಾಸ್ಯ ಕಾರ್ಯಕ್ರಮದಲ್ಲಿ ಸ್ಟೀಫನ್ ಕೋಲ್ಬೇರ್ ಆ ನಕ್ಷೆಯನ್ನು ತೋರಿಸಿ ಇದೇನು ಎಂದು ಕೇಳಿದಾಗ, ಗವರ್ನರ್ ಪ್ರಿಟ್ಜ್‌ಕರ್ ನಕ್ಕು, ಅಂಗನವಾಡಿ ಮಕ್ಕಳ ಕೈಗೆ ಕೊಟ್ಟು ಮಾಡಿಸಿದೆವು ಎಂಬರ್ಥದ ಮಾತಾಡಿ ಪಾರಾದರು. ಸಭಿಕರೂ ನಕ್ಕರು. ಇದೇ ಮಾತನ್ನು ಟೆಕ್ಸಸ್ಸಿನ ಗವರ್ನರ್ ಆಡಿದ್ದರೆ ಅದೇ ಸಭಿಕರು ನಗುತ್ತಿದ್ದರೇ?

ಈ ಪ್ರಶ್ನೆಯನ್ನು ತಂಗಿಯ ಮಗಳ ಮುಂದಿಟ್ಟೆ. "ಅವರು ಕೋಲು ಹಿಡಿದು ಬಂದಾಗ ನಾವು ಸಂವಿಧಾನ ಓದುತ್ತಾ ಕೂತಿರಬೇಕಾ, ಮಾವ?" ಎಂದಳು. ಮಾತಿನಲ್ಲಿ ತೂಕವಿತ್ತು. ಒಂದು ಪಕ್ಷ ಮಾತ್ರ ಕೈ ಕಟ್ಟಿಕೊಂಡರೆ ಅದು ಸೋತು ಸಾಧುವಾಗಬಹುದು, ಆದರೆ ಕಾನೂನು ಬದಲಿಸುವ ಬಲವೂ ಅದಕ್ಕೆ ಸಿಗುವುದಿಲ್ಲ. ರಾಷ್ಟ್ರಕ್ಕೆಲ್ಲ ಒಂದೇ ನಿಯಮ ತರುವ ಮಸೂದೆಯನ್ನು ಡೆಮಾಕ್ರಟರು ತಂದಿದ್ದೂ ನಿಜ, ಅದು 2022ರಲ್ಲಿ ಸೆನೆಟ್ಟಿನಲ್ಲಿ ಬಿದ್ದದ್ದೂ ನಿಜ. ಒಪ್ಪಿದೆ. ಆದರೆ ಕ್ಯಾಲಿಫೋರ್ನಿಯಾದ ಯಾವುದೋ ಹಳ್ಳಿಯ ರಿಪಬ್ಲಿಕನ್ ರೈತ ಟೆಕ್ಸಸ್ಸಿನ ನಕ್ಷೆ ಮಾಡಿದವನಲ್ಲ. ಗ್ರೀನ್ಸ್‌ಬರೊದ ವಿದ್ಯಾರ್ಥಿಯ ಮತ ಕರಗಿದ್ದಕ್ಕೆ ಅವನ ಮತವನ್ನು ಕರಗಿಸಿದರೆ ಲೆಕ್ಕ ಸರಿಹೋಗುವುದು ವಾಷಿಂಗ್ಟನ್ನಿನಲ್ಲಿ ಮಾತ್ರ. ಇವರಿಬ್ಬರ ಪಾಲಿಗೆ ಸೊನ್ನೆ ಮತ್ತು ಸೊನ್ನೆ ಕೂಡಿದರೆ ಸೊನ್ನೆಯೇ.

ಹಾಗೆಂದು ಪೂರಾ ನಿರಾಶನಾಗಿ ಬರೆಯುತ್ತಿಲ್ಲ. ಇಂಡಿಯಾನಾದಲ್ಲಿ 9 ಸ್ಥಾನ. ಏಳು ರಿಪಬ್ಲಿಕನ್, ಎರಡು ಡೆಮಾಕ್ರಟ್. ಒಂಬತ್ತನ್ನೂ ತೆಗೆದುಕೊಳ್ಳಿ ಎಂದು ಶ್ವೇತಭವನ ಒತ್ತಾಯಿಸಿತು, ಒಪ್ಪದವರನ್ನು ಮುಂದಿನ ಸಲ ಟಿಕೆಟ್ಟಿನ ಸ್ಪರ್ಧೆಯಲ್ಲೇ ಸೋಲಿಸುತ್ತೇನೆಂದು ಟ್ರಂಪ್ ಹೆದರಿಸಿದರು. 2025ರ ಡಿಸೆಂಬರ್ 11ರಂದು ರಾಜ್ಯದ ಸೆನೆಟ್ 31-19ರಿಂದ ಆ ನಕ್ಷೆಯನ್ನು ತಿರಸ್ಕರಿಸಿತು. ಬೇಡವೆಂದವರಲ್ಲಿ 21 ಜನ ರಿಪಬ್ಲಿಕನ್ನರೇ. ಅಷ್ಟು ಬೆದರಿಕೆಯ ನಡುವೆ ತಮಗೇ ಲಾಭವಾಗುವುದನ್ನು ಬೇಡವೆಂದವರು. ಈ ಸುದ್ದಿ ಹೇಳುವಾಗ ತಂಗಿಯ ಮಗಳ ದನಿಯಲ್ಲಿ ರಿಪಬ್ಲಿಕನ್ ಎಂಬ ಶಬ್ದ ಮೊದಲ ಬಾರಿಗೆ ಮೃದುವಾಗಿ ಬಂತು.

ಅಯೋವಾ ರಾಜ್ಯದವರದು ಇನ್ನೂ ಸರಳ. 1980ರ ಕಾನೂನಿನ ಪ್ರಕಾರ ಅಲ್ಲಿ ನಕ್ಷೆ ತಯಾರಿಸುವುದು ಪಕ್ಷಾತೀತ ಸರ್ಕಾರಿ ಸಿಬ್ಬಂದಿ. ಯಾವ ಬೀದಿ ಯಾವ ಪಕ್ಷಕ್ಕೆ ಮತ ಹಾಕುತ್ತದೆ, ಹಾಲಿ ಸದಸ್ಯರ ಮನೆ ಎಲ್ಲಿದೆ ಎಂಬ ಮಾಹಿತಿ ಅವರು ಬಳಸುವಂತಿಲ್ಲ. ಶಾಸನಸಭೆ ಒಪ್ಪಬಹುದು, ಇಲ್ಲವೇ ಬೇರೆ ಮಾಡಿಕೊಡಿ ಎನ್ನಬಹುದು. 2022ರಲ್ಲೂ 2024ರಲ್ಲೂ ಅಲ್ಲಿಯ ನಾಲ್ಕಕ್ಕೆ ನಾಲ್ಕೂ ಸ್ಥಾನ ಗೆದ್ದದ್ದು ರಿಪಬ್ಲಿಕನ್ನರು. ನ್ಯಾಯವಾದ ನಕ್ಷೆ ನಿಮ್ಮನ್ನು ಗೆಲ್ಲಿಸುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲವಲ್ಲ. ಮಿಷಿಗನ್ನಿನವರು 2018ರಲ್ಲಿ ಜನಮತದಿಂದ 13 ಮಂದಿಯ ಆಯೋಗ ಮಾಡಿಕೊಂಡರು: ನಾಲ್ವರು ಆ ಪಕ್ಷ, ನಾಲ್ವರು ಈ ಪಕ್ಷ, ಐವರು ಯಾವ ಪಕ್ಷಕ್ಕೂ ಸೇರದವರು, ಅರ್ಜಿ ಹಾಕಿದವರಿಂದ ಚೀಟಿ ಎತ್ತಿದ ಹಾಗೆ ಆರಿಸಿದ್ದು. ಅವರು ಮಾಡಿದ ಹೊಸ 13ನೇ ಕ್ಷೇತ್ರದಿಂದ, ಡೆಟ್ರಾಯ್ಟ್ ಕಡೆಯಿಂದ, 2022ರಲ್ಲಿ ಗೆದ್ದವರು ಶ್ರೀ ಥಾಣೇದಾರ್. ಬೆಳಗಾವಿಯಲ್ಲಿ ಬೆಳೆದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದವರು. ಗಡಿ ವಿವಾದದ ಊರಿನಿಂದ ಹೊರಟವರಿಗೆ ಅಲ್ಲಿಯೂ ಗಡಿಯೇ ದಾರಿ ಬಿಟ್ಟಿತು. ಆಯೋಗವೆಂದರೆ ದೇವರ ತೀರ್ಪೇನಲ್ಲ. ಇದೇ ಆಯೋಗ ಡೆಟ್ರಾಯ್ಟಿನ ಕೆಲವು ಶಾಸನಸಭಾ ಕ್ಷೇತ್ರಗಳನ್ನು ಜನಾಂಗದ ಲೆಕ್ಕದಲ್ಲಿ ಮಾಡಿತೆಂದು ಕೋರ್ಟು 2023ರಲ್ಲಿ ರದ್ದು ಮಾಡಿತು. ಆದರೂ ಅದು ತಪ್ಪು, ದುರಾಸೆಯಲ್ಲ. ತಪ್ಪನ್ನು ತಿದ್ದಬಹುದು.

ನಮ್ಮಲ್ಲಿ ಹೇಗೆ ಎಂದು ತಂಗಿಯ ಮಗಳು ಕೇಳಿದಾಗ ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದೆ. ನಮ್ಮಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗವಿದೆ, ನ್ಯಾಯಮೂರ್ತಿಗಳು ಅಧ್ಯಕ್ಷರು, ಇಲ್ಲಿಯವರೆಗೆ 1952, 1963, 1973, 2002ರ ನಾಲ್ಕು ಆಯೋಗಗಳು ಕೆಲಸ ಮಾಡಿವೆ. ಹೊಸ ಗಡಿಗಳ ಮೇಲೆ ಮೊದಲು ಚುನಾವಣೆ ನಡೆದದ್ದೇ ಕರ್ನಾಟಕದಲ್ಲಿ, 2008ರ ಮೇ ತಿಂಗಳಲ್ಲಿ. ಗುರುಮಠಕಲ್‌ನಿಂದ ಎಂಟು ಸಲ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆಯವರೇ ಮೀಸಲಾತಿ ಬದಲಾಗಿ ಚಿತ್ತಾಪುರಕ್ಕೆ ಹೋಗಬೇಕಾಯಿತು. ಇಂದಿರಾ ಗಾಂಧಿಯವರಿಗೆ 1978ರಲ್ಲಿ ಮರುಜನ್ಮ ಕೊಟ್ಟ ಚಿಕ್ಕಮಗಳೂರು ಉಡುಪಿಯ ಜೊತೆ ಸೇರಿಕೊಂಡಿತು. ರಾಜಕಾರಣಿ ನಕ್ಷೆಯ ಹಿಂದೆ ಹೋದನೇ ಹೊರತು ನಕ್ಷೆ ರಾಜಕಾರಣಿಯ ಹಿಂದೆ ಹೋಗಲಿಲ್ಲ. ಇಷ್ಟು ಹೇಳಿ ನಾನು ನಿಲ್ಲಿಸಬೇಕಿತ್ತು. "ಮತ್ತೆ ಬೆಂಗಳೂರಲ್ಲಿ ಕಾರ್ಪೊರೇಷನ್ ಎಲೆಕ್ಷನ್ ಯಾಕೆ ಆಗಿಲ್ಲ?" ಎಂದು ಪಾತ್ರೆ ಒರೆಸುತ್ತಾ ಅಳಿಯ ಕೇಳಿಬಿಟ್ಟ. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ವಾರ್ಡುಗಳ ಸಂಖ್ಯೆ, ವಾರ್ಡುಗಳ ಗಡಿ, ವಾರ್ಡುಗಳ ಮೀಸಲಾತಿ ಎಂದು ಸರ್ಕಾರಗಳು ಬದಲಾಗುತ್ತಾ ಐದು ವರ್ಷ ದಾಟಿದರೂ ಚುನಾವಣೆ ಬರಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ಅದೇ ಕಥೆ. ಅಮೆರಿಕದವರು ಗಡಿ ಬದಲಿಸಿ ಚುನಾವಣೆ ಗೆಲ್ಲುತ್ತಾರೆ, ನಾವು ಗಡಿ ಗುರುತಿಸುತ್ತಾ ಚುನಾವಣೆಯನ್ನೇ ನಡೆಸುವುದಿಲ್ಲ. ಯಾವುದು ಮೇಲು ಎಂದು ಅಳಿಯನ ಮುಂದೆ ವಾದಿಸುವ ಧೈರ್ಯ ನನಗಾಗಲಿಲ್ಲ.

ದೊಡ್ಡ ಲೆಕ್ಕ ಮುಂದೆ ಇದೆ. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನವೆಂಬುದು 1971ರ ಜನಗಣತಿಗೆ ಕಟ್ಟುಬಿದ್ದು ನಿಂತಿದೆ. ನಮ್ಮ 28 ಆ ಲೆಕ್ಕದ್ದು. 2026ರ ನಂತರದ ಮೊದಲ ಜನಗಣತಿಯವರೆಗೆ ಅದನ್ನು ಮುಟ್ಟಬಾರದೆಂದು ಸಂವಿಧಾನದ 84ನೇ ತಿದ್ದುಪಡಿ ಹೇಳಿತು. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ದಕ್ಷಿಣದ ರಾಜ್ಯಗಳಿಗೆ ಅದೇ ಕಾರಣಕ್ಕೆ ಪಾಲು ಕಡಿಮೆಯಾದೀತೆಂಬ ಆತಂಕ ಸುಳ್ಳಲ್ಲ. ಉತ್ತರದಲ್ಲಿ ಒಂದೊಂದು ಕ್ಷೇತ್ರಕ್ಕೂ ಜನ ಹೆಚ್ಚಿ ಅವರ ಒಂದು ಮತದ ಬೆಲೆ ಇಳಿದಿದೆ ಎಂಬುದೂ ಸುಳ್ಳಲ್ಲ. ಅಮೆರಿಕದ ಈ ಇನ್ನೂರು ವರ್ಷದ ಪ್ರಾಣಿಗಳನ್ನೆಲ್ಲ ನೋಡಿ ನನಗೆ ಖಚಿತವಾದದ್ದು ಒಂದೇ. ಪೆನ್ಸಿಲು ಚುನಾವಣೆಗೆ ನಿಲ್ಲುವವನ ಕೈಯಲ್ಲಿರಬಾರದು, ಅವನು ನಮ್ಮವನಾದರೂ. ನಮ್ಮವನಾದಾಗಲೇ ಹೆಚ್ಚು ಎಚ್ಚರ ಬೇಕು, ಏಕೆಂದರೆ ಆಗ ನಾವು ನಕ್ಕು ಸುಮ್ಮನಾಗುತ್ತೇವೆ. ಅಲ್ಲಿ ಮತ ಹಾಕುವ ಕನ್ನಡಿಗರು ಅಭ್ಯರ್ಥಿಯ ಮುಖ ನೋಡುವ ಮೊದಲು ತಮ್ಮ ಕ್ಷೇತ್ರದ ನಕ್ಷೆಯನ್ನೊಮ್ಮೆ ನೋಡಲಿ. ಇಲ್ಲಿರುವ ನಾವು, ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಇದ್ದರೆ ತಿಳಿಸಿ ಎಂದಾಗ, ಪತ್ರಿಕೆಯ ಆ ಸಣ್ಣಕ್ಷರದ ಪ್ರಕಟಣೆಯನ್ನು ಕೊನೆಯವರೆಗೂ ಓದಿ ಒಂದು ಅರ್ಜಿ ಹಾಕೋಣ.